ಶುಕ್ರವಾರದ ನಾರ್ಮಲ್

ಇಂಗ್ಲಿಷ್ ಓದಿ, ಅದನ್ನೇ ಪಾಠ ಹೇಳುವವಳು ನಮ್ಮ ಮನೆಯಲ್ಲಿ ಮಗಳೊಬ್ಬಳೇ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹಾಗಿದ್ದೂ ‘ನಾರ್ಮಲ್’ ಅನ್ನುವ ಪದವನ್ನು ಅವಳಿಗಿಂತ ನಾನೇ ಹೆಚ್ಚು ಆಡುತ್ತಿದ್ದೆ. ಅದು ಇಂಗ್ಲಿಷ್ ಅಂತ ನನಗೆ ಅನ್ನಿಸುತ್ತಲೇ ಇರಲಿಲ್ಲ. ಉಪ್ಪಿನ ಡಬ್ಬಿ, ಹುಣಸೆ ಡಬ್ಬಿಯ ಪಕ್ಕದಲ್ಲಿ ಅದೂ ಒಂದು ಡಬ್ಬಿ, ಕೈ ಚಾಚಿದರೆ ಸಿಗುವುದು.

ಶ್ರೀರಂಗಪಟ್ಟಣದಲ್ಲಿ ಎಕ್ಸ್‌ಪ್ರೆಸ್ ಬಸ್ಸು ತುಂಬಿ ಹೋದರೆ ನಾರ್ಮಲ್ ಬಸ್ಸು ಹತ್ತುತ್ತೇವೆ. ಸೀರೆ ಅಂಗಡಿಯವರು "ಗ್ರ್ಯಾಂಡಾಗಿರೋದು ತೋರಿಸ್ಲಾ ಅಕ್ಕ, ನಾರ್ಮಲ್ ಸಾಕಾ" ಅನ್ನುತ್ತಾರೆ. ಬಿ.ಪಿ. ನೋಡಿದ ನರ್ಸು ತೋಳಿನ ಪಟ್ಟಿ ಬಿಚ್ಚುತ್ತಾ ನಾರ್ಮಲ್ ಅಂದರೆ ಅವತ್ತು ಉಪ್ಪಿನಕಾಯಿ ಒಂದು ಹೋಳು ಜಾಸ್ತಿ. ಬೀದಿಯಲ್ಲಿ ಯಾವನೋ ಕುಡಿದು ಬಂದು ಪಾತ್ರೆ ಎಸೆದರೆ, ಮಾರನೆಯ ದಿನ ಅವನ ಹೆಂಡತಿಯೇ ನಲ್ಲಿಯ ಹತ್ತಿರ "ಅದೆಲ್ಲ ನಾರ್ಮಲ್ ಬುಡಕ್ಕ" ಅಂದು ಕೊಡ ಎತ್ತಿಕೊಂಡು ಹೋಗುತ್ತಾಳೆ. ಇನ್ನು ನಮ್ಮ ಸಾಲುಮನೆಯಲ್ಲಿ ಮಾತು ಬಾರದ ಒಂದು ಹೆಣ್ಣುಮಗು ಇದೆ. "ಅದು ನಾರ್ಮಲ್ ಇಲ್ವಂತೆ" ಅಂತ ಅದರ ತಾಯಿಗೆ ಕೇಳಿಸುವಷ್ಟು ಮೆಲ್ಲಗೆ ಆಡಿಕೊಂಡವರಲ್ಲಿ ನಾನೂ ಒಬ್ಬಳು. ದೇವರ ಮುಂದೆ ಒಪ್ಪಿಕೊಂಡಿದ್ದೇನೆ, ಇಲ್ಲಿಯೂ ಬರೆದಿಡುತ್ತೇನೆ.

ಆದರೆ ಹೆಂಗಸರು ನಾಲ್ಕು ಜನ ಸೇರಿದಾಗ ಆ ಪದಕ್ಕೆ ಇರುವುದು ಒಂದೇ ಅರ್ಥ, ಹೆರಿಗೆ. ಗಂಡೋ ಹೆಣ್ಣೋ ಅಂತ ಕೇಳುವ ಮುಂಚೆ "ನಾರ್ಮಲ್ಲಾ?" ಅಂತ ಕೇಳುತ್ತಾರೆ. ಹೌದು ಅಂದರೆ ತಾಯಿಯಾದವಳು ಗಟ್ಟಿಗಿತ್ತಿ, ಸಾಕಿದ ತವರು ಗಟ್ಟಿ. ಅಲ್ಲ ಅಂದರೆ "ಅಯ್ಯೋ ಪಾಪ, ಕುಯ್ದ್ರಾ" ಅನ್ನುತ್ತಾರೆ, ಎಲ್ಲೋ ಏನೋ ಕಡಿಮೆ ಮಾಡಿದೆವು ಅನ್ನುವ ಹಾಗೆ. ಚೊಚ್ಚಲ ಹೆರಿಗೆ ನಮ್ಮಲ್ಲಿ ತವರಿನ ಹೊಣೆ. ಕಳಿಸಿಕೊಟ್ಟ ಹೆಣ್ಣನ್ನೂ ಹುಟ್ಟಿದ ಕೂಸನ್ನೂ ನೆಟ್ಟಗೆ ಗಂಡನ ಮನೆಯ ಹೊಸ್ತಿಲಿಗೆ ಮುಟ್ಟಿಸುವ ತನಕ ತಾಯಿಗೆ ನಿದ್ದೆ ಹತ್ತದು.

ನನ್ನ ಮಗಳು ಏಳು ತಿಂಗಳಾಗಿ ಬಾಬುರಾಯನಕೊಪ್ಪಲಿನ ನಮ್ಮ ಮನೆಗೆ ಬಂದಾಗ ಆ ಹೊಣೆ ನನ್ನ ತಲೆ ಮೇಲೆ ಕೂತಿತು. ಅವಳನ್ನು ಕೊಟ್ಟಿರುವುದು ಕೆ.ಆರ್. ಪೇಟೆ ಕಡೆ, ಮಾಕವಳ್ಳಿಯ ಹತ್ತಿರದ ಊರಿಗೆ. ಅಳಿಯ ಅಲ್ಲಿನ ಹಾಲಿನ ಡೇರಿ ನೋಡಿಕೊಳ್ಳುತ್ತಾನೆ. ಮಗಳು ನಾಗಮಂಗಲ ಕಡೆಯ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಳು. ಬೀಗಿತ್ತಿ ಅವಳನ್ನು ಕಳಿಸುವಾಗ ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕಿ ನನ್ನ ಮುಖ ನೋಡಿ ಅಂದಿದ್ದರು: "ನಮ್ಮನೇಲಿ ಇದುವರ್ಗೂ ಎಲ್ಲಾರ್ದೂ ನಾರ್ಮಲ್ಲೇ ಕಣವ್ವ."

ನಾನು ಸೀದಾ ಹೇಮಗಿರಿ ಬೆಟ್ಟಕ್ಕೆ ಹೋಗಿ ಅಲ್ಲಿನ ಸ್ವಾಮಿಗೆ ಹರಕೆ ಕಟ್ಟಿಕೊಂಡೆ. "ಸ್ವಾಮಿ, ನಾರ್ಮಲ್ ಹೆರಿಗೆ ಆಗಲಿ. ಹೊಳೆಯಲ್ಲಿ ಮುಳುಗಿ, ಒದ್ದೆ ಸೀರೆಯಲ್ಲೇ ಬೆಟ್ಟ ಹತ್ತಿ ಬರುತ್ತೇನೆ." ದೇವರ ಹತ್ತಿರವೂ ಅದೇ ಪದ ಆಡಿದೆ.

ನಮ್ಮ ಯಜಮಾನರದು ಮರಗೆಲಸ. ಒಕ್ಕಲು ಮನೆಯಲ್ಲಿ ಹುಟ್ಟಿದರೂ ಚಿಕ್ಕಂದಿನಲ್ಲಿ ನಾಗಮಂಗಲದ ಒಬ್ಬ ಆಚಾರ್ರ ಹತ್ತಿರ ಉಳಿ ಹಿಡಿದು ಕಲಿತರು. ಈಗ ಮನೆ ಮುಂದಿನ ಶೆಡ್ಡಿನಲ್ಲಿ ಬಾಗಿಲು, ಕಿಟಕಿಯ ಚೌಕಟ್ಟು ಮಾಡುತ್ತಾರೆ. ಮಗಳು ಬಂದ ಮೇಲೆ ಸಾಯಂಕಾಲ ಅಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಮರದ ಹೊಟ್ಟಿನ ವಾಸನೆ ಅವಳಿಗೆ ಆಗ ಹಿತವಾಗುತ್ತಿತ್ತಂತೆ. ಒಂದು ಸಾಯಂಕಾಲ ನಾನು ಸೊಪ್ಪು ಬಿಡಿಸುತ್ತಾ ಮತ್ತೆ ಅದೇ ಜಪ ಮಾಡುತ್ತಿದ್ದೆ. ನಡೆದರೆ ನಾರ್ಮಲ್ ಆಗುತ್ತೆ, ನೆಲ ಸಾರಿಸಿದರೆ ನಾರ್ಮಲ್ ಆಗುತ್ತೆ, ಹೀಗೆ.

ಅವಳು ಫೋನು ತೆಗೆದು ಏನೋ ಓದಿ ನಗಲು ಶುರುಮಾಡಿದಳು.

"ಅಮ್ಮ, ನೀನು ದಿನಾ ಪೂಜೆ ಮಾಡ್ತೀಯಲ್ಲ ಈ ಪದನ, ಇದು ಎಲ್ಲಿ ಹುಟ್ಟಿದ್ದು ಗೊತ್ತಾ? ಬಡಗಿ ಮನೇಲಿ."

"ಏನಂಗಂದ್ರೆ?" ಅಂದರು ಇವರು, ಮರ ಹೆರೆಯುತ್ತಿದ್ದ ಹತ್ತರಿ ನಿಲ್ಲಿಸಿ.

ಅವಳು ಮೇಷ್ಟ್ರಮ್ಮನ ದನಿಯಲ್ಲಿ ಹೇಳಿದಳು. ಹಳೆಯ ಕಾಲದಲ್ಲಿ ರೋಮಿನ ಜನ ಆಡುತ್ತಿದ್ದ ಲ್ಯಾಟಿನ್ ಭಾಷೆಯಲ್ಲಿ ನಾರ್ಮಾ ಅಂದರೆ ಮೂಲೆಮಟ್ಟ. ಎರಡು ಮರ ಕೂಡುವ ಮೂಲೆ ನೆಟ್ಟಗಿದೆಯೋ ವಾರೆಯೋ ಅಂತ ಇಟ್ಟು ನೋಡುವ ಸಾಮಾನು. ಮೂಲೆಮಟ್ಟಕ್ಕೆ ಸರಿಯಾಗಿ ಕೂತದ್ದು ನಾರ್ಮಲ್. ಇಂಗ್ಲಿಷಿಗೆ ಬಂದಾಗಲೂ ಮೊದಲು ಅದಕ್ಕೆ ನೆಟ್ಟಗೆ ನಿಂತ ಗೆರೆ ಅಂತಲೇ ಅರ್ಥವಿತ್ತಂತೆ. ಲೆಕ್ಕದ ಮೇಷ್ಟ್ರುಗಳು ಈಗಲೂ ಹಾಗೇ ಅನ್ನುತ್ತಾರಂತೆ. ಎಲ್ಲರ ಹಾಗೆ, ಎಂದಿನ ಹಾಗೆ ಅನ್ನುವ ಅರ್ಥ ಬಹಳ ತಡವಾಗಿ ಬಂದದ್ದು. ಮೇಷ್ಟ್ರುಗಳನ್ನು ತಯಾರು ಮಾಡುವ ಶಾಲೆಗೆ ನಾರ್ಮಲ್ ಸ್ಕೂಲು ಅಂತ ಹೆಸರು ಬಂದದ್ದೂ ಅದೇ ಬೇರಿನಿಂದ, ಹೇಗೆ ಪಾಠ ಮಾಡಬೇಕು ಅನ್ನುವುದಕ್ಕೆ ಮಟ್ಟ ತೋರಿಸುವ ಶಾಲೆ. ನನ್ನ ಅಜ್ಜಿ ತನ್ನ ಅಣ್ಣನನ್ನು "ನಾರ್ಮಲ್ ಸ್ಕೂಲಲ್ಲಿ ಓದ್ದೋನು" ಅಂತ ಹೆಮ್ಮೆಯಿಂದ ಹೇಳುತ್ತಿದ್ದದ್ದು ಆಗ ನೆನಪಾಯಿತು. ಮಾಮೂಲಿ ಶಾಲೆಗೆ ಹೋದದ್ದಕ್ಕೆ ಅಷ್ಟು ಹೆಮ್ಮೆಯೇಕೆ ಅಂದುಕೊಂಡಿದ್ದೆ.

ಇವರಿಗಂತೂ ಖುಷಿಯೋ ಖುಷಿ. ಗೋಡೆಯ ಮೊಳೆಗೆ ತೂಗುಹಾಕಿದ್ದ ಮೂಲೆಮಟ್ಟ ತೆಗೆದು ನನ್ನ ಮುಂದೆ ಹಿಡಿದರು. ಅದು ಅವರ ಆಚಾರ್ರು ಕೊಟ್ಟದ್ದು. ಬೀಟೆ ಹಿಡಿ, ಉಕ್ಕಿನ ಪಟ್ಟಿ. ಹಿಡಿ ಸವೆದು ಇವರ ಹೆಬ್ಬೆರಳಿನಷ್ಟು ಕುಳಿ ಬಿದ್ದಿದೆ.

"ನೋಡ್ಕೊಳೇ, ನಿನ್ ನಾರ್ಮಲ್ಲು! ಮೂವತ್ತು ವರ್ಸದಿಂದ ಮೊಳೇಲಿ ನೇತಾಡ್ತಾ ಅದೆ. ಒಂದಿನಾನಾರ ಕುಂಕುಮ ಇಟ್ಟಿದ್ಯಾ?"

"ಆಯುಧಪೂಜೇಲಿ ಇಟ್ಟಿಲ್ವಾ? ಮಾತಿಗೊಂದು ಸುಳ್ಳು" ಅಂದೆ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗುವೂ ಒದೆಯಿತು ಅಂತ ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಆ ಒದೆತವನ್ನು ಆಮೇಲೆ ಎಷ್ಟು ಸಲ ನೆನೆಸಿಕೊಂಡೆನೋ.

ತಿಂಗಳು ತುಂಬುತ್ತಾ ಬಂತು. ನನ್ನ ತವರು ಪಾಂಡವಪುರದ ಮಗ್ಗುಲಿನ ಹಳ್ಳಿ. ನನ್ನ ಹೆರಿಗೆಗಳೆಲ್ಲ ಆ ಕಡೆಯೇ ಆದದ್ದರಿಂದ ಮಗಳನ್ನೂ ಪಾಂಡವಪುರದ ಒಬ್ಬ ಡಾಕ್ಟರಮ್ಮನ ಹತ್ತಿರ ತೋರಿಸುತ್ತಿದ್ದೆವು. ಒಂದು ಶುಕ್ರವಾರ ಅವರು ಎಲ್ಲ ನೋಡಿ, "ನಾರ್ಮಲ್ ಆಗಿದೆ. ಇನ್ನೂ ಹತ್ತು ದಿನ ಟೈಮಿದೆ. ಮಗು ಅಲುಗೋದು ಕಮ್ಮಿಯಾದ್ರೆ ಮಾತ್ರ ತಕ್ಷಣ ಬನ್ನಿ" ಅಂದರು. ನನ್ನ ಕಿವಿಗೆ ಬಿದ್ದದ್ದು ಮೊದಲನೆಯ ಮಾತು. ಕೊನೆಯದು ಕೇಳಿಸಿತು, ಆದರೆ ಒಳಗೆ ಇಳಿಯಲಿಲ್ಲ. ಮನೆಗೆ ಬಂದವಳೇ ಬೀಗಿತ್ತಿಗೆ ಫೋನು ಮಾಡಿ ನಾರ್ಮಲ್ ಅಂತೆ ಅಂದೆ.

ಸೋಮವಾರ ಬೆಳಿಗ್ಗೆ ಮಗಳು ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಅಂದಳು: "ಅಮ್ಮ, ನಿನ್ನೆ ಸಾಯಂಕಾಲದಿಂದ ಮಗು ಅಷ್ಟು ಅಲುಗ್ತಿಲ್ಲ."

ನಾನು ಹಿಟ್ಟು ಕಲಸುತ್ತಿದ್ದೆ. ತಿರುಗಿಯೂ ನೋಡದೆ ಅಂದೆ: "ದಿನ ತುಂಬ್ದಾಗ ಅಂಗೇ ಕಣೆ. ಒಳ್ಗೆ ಜಾಗ ಸಾಲ್ದು. ಶುಕ್ರವಾರ ತಾನೆ ನಾರ್ಮಲ್ ಅಂದವ್ರೆ."

ಅವಳು ಹೊಟ್ಟೆ ಸವರಿಕೊಳ್ಳುತ್ತಾ ಒಳಗೆ ಹೋದಳು. ನಾನು ಅಷ್ಟು ಖಂಡಿತವಾಗಿ ಹೇಳಿದ್ದನ್ನು ನಂಬಿ ಹೋದಳು. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಕಾಫಿ ಕೊಡಲು ಶೆಡ್ಡಿಗೆ ಹೋದೆ. ಇವರು ಹಿಂದಿನ ದಿನವೇ ಜೋಡಿಸಿಟ್ಟ ಬಾಗಿಲ ಚೌಕಟ್ಟಿನ ಮೂಲೆಗೆ ಮೂಲೆಮಟ್ಟ ಒತ್ತಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ಅದ್ನ ನೆನ್ನೇನೆ ನೋಡಿ ಸರಿ ಅದೆ ಅಂದ್ರಲ್ಲ?"

"ನೆನ್ನೆ ಸರಿ ಇತ್ತು. ರಾತ್ರಿ ಇಬ್ಬನಿ ಬಿದ್ದದೆ, ಮರ ಉಬ್ಬುತ್ತೆ, ಎಳೀತದೆ. ಮೊಳೆ ಹೊಡಿಯಾಕ್ ಮುಂಚೆ ತಿರ್ಗಾ ಇಡ್ಬೇಕು. ಒಂದ್ಸಲ ಇಟ್ಟು ನೇತಾಕಾದಾದ್ರೆ ಇದ್ಯಾಕೆ ಬೇಕು?" ಉಕ್ಕಿನ ಪಟ್ಟಿಗೂ ಮರಕ್ಕೂ ನಡುವೆ ಕೂದಲೆಳೆಯಷ್ಟು ಬೆಳಕು ಕಾಣುತ್ತಿತ್ತು. "ನೋಡು, ವಾರೆ ಓಗದೆ."

ಆ ಬೆಳಕಿನ ಎಳೆ ನೋಡುತ್ತಾ ನಿಂತವಳಿಗೆ ಏನನ್ನಿಸಿತೋ, ಬಾಯಿಂದ ಬಂತು: "ಮಗೀಗೆ ಅಲುಗಾಟ ಕಮ್ಮಿ ಅಂತಾವ್ಳೆ ಇವ್ಳು."

"ಯಾವಾಗಿಂದ?"

"ನೆನ್ನೆ ಸಂಜೆಯಿಂದಂತೆ."

ಇವರು ಕಾಫಿ ಲೋಟ ಮುಟ್ಟಲಿಲ್ಲ. ಮೂಲೆಮಟ್ಟ ಮರದ ಮೇಲಿಟ್ಟು ಎದ್ದೇಬಿಟ್ಟರು. "ನಡೀರಿ, ತೋರ್ಸ್ಕಂಡ್ ಬರಾವ."

"ಈಗ್ಲಾ? ಸೋಮವಾರ ಕಣ್ರೀ, ಏಳೂವರೆಯಿಂದ ಒಂಬತ್ತು ರಾಹುಕಾಲ. ಒಂಬತ್ತಕ್ಕೆ ಹೊರಡಾನ."

"ರಾಹುಕಾಲ ಒಟ್ಟೆ ಒಳ್ಗಿರೋ ಕೂಸ್ಗೆ ಗೊತ್ತೇನೇ?"

ಮದುವೆಯಾಗಿ ಮೂವತ್ತು ವರ್ಷದಲ್ಲಿ ಇವರು ನನ್ನ ಮೇಲೆ ದನಿ ಏರಿಸಿದ್ದು ಬೆರಳೆಣಿಕೆಯಷ್ಟು ಸಲ. ಒಳಗೆ ಓಡಿದೆ. ಆದರೂ ಬುದ್ಧಿ ಪೂರಾ ಬರಲಿಲ್ಲ. ರಾಹುಕಾಲದ ದೋಷ ಕಳೆಯಲಿ ಅಂತ ದೀಪ ಹಚ್ಚಿದೆ. ಬರಿ ಹೊಟ್ಟೆಯಲ್ಲಿ ಆಸ್ಪತ್ರೆಗೆ ಹೋಗಬಾರದು ಅಂತ ಮಗಳಿಗೆ ಬಿಸಿ ರೊಟ್ಟಿ ಎರಡು ತಿನ್ನಿಸಿದೆ. ಹಣೆಗೆ ಕುಂಕುಮ ಇಟ್ಟೆ. ಇಪ್ಪತ್ತು ನಿಮಿಷ. ಹೊರಗೆ ಇವರು ಆಟೋ ತರಿಸಿ ನಿಲ್ಲಿಸಿಕೊಂಡು ಕೂಗುತ್ತಿದ್ದರು.

ಆಟೋ ನಮ್ಮ ಬೀದಿಯ ಭಾಯಿಯದು. ಇವರ ಬಾಗಿಲುಗಳನ್ನೆಲ್ಲ ಗಿರಾಕಿಗಳ ಮನೆಗೆ ಸಾಗಿಸುವವನೂ ಅವನೇ. ಊರು ದಾಟಿ ಪಾಂಡವಪುರದ ರಸ್ತೆಗೆ ಬಿದ್ದಾಗ ಮುಂದೆ ಕಬ್ಬಿನ ಟ್ರಾಕ್ಟರು, ಅದರ ಹಿಂದೆ ಇನ್ನೊಂದು. ಭಾಯಿ ಹಾರ್ನ್ ಬಾರಿಸುತ್ತಲೇ ಇದ್ದ. "ಬಾಜು ಕೊಡೋ ಮಾರಾಯ, ಗಾಡೀಲಿ ಬಸುರಿ ಹೆಂಗ್ಸು ಅವ್ಳೆ!" ಮಗಳು ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, ತುಟಿ ಕಚ್ಚಿ ಕಾಯುತ್ತಿದ್ದಳು. ನೋವಿಗಲ್ಲ, ಒಂದು ಒದೆತಕ್ಕೆ. ನಾನು ಸ್ವಾಮಿಯ ಹೆಸರು ಹೇಳುತ್ತಾ ಅವಳ ಮುಖ ನೋಡುತ್ತಿದ್ದೆ. "ಏನಾರ ಗೊತ್ತಾಯ್ತಾ?" ಅಂದರೆ ಇಲ್ಲ ಅಂತ ತಲೆಯಾಡಿಸುತ್ತಿದ್ದಳು. ಪಾಂಡವಪುರ ಬರುವ ತನಕ ಇದೇ.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಒಂದು ಪಟ್ಟಿ ಬಿಗಿದರು. ಮಗುವಿನ ಎದೆಬಡಿತ ಕೋಣೆಗೆಲ್ಲ ಕೇಳಿಸಿತು. ಅಬ್ಬ, ಜೀವ ಇದೆ. ನಾನು ಕೈ ಮುಗಿದೆ. ಮುಗಿದ ಕೈ ಇಳಿಸುವಷ್ಟರಲ್ಲಿ ಆ ಶಬ್ದ ನಿಧಾನವಾಯಿತು. ಓಡುತ್ತಿದ್ದ ಮನುಷ್ಯ ಎಡವಿ ನಡೆಯುವ ಹಾಗೆ. ಮತ್ತೆ ಓಡಿತು. ಮತ್ತೆ ಎಡವಿತು. ನರ್ಸು ಹೊರಗೆ ಹೋದಳು. ಡಾಕ್ಟರಮ್ಮ ಬಂದು ನಿಂತು ಕೇಳಿಸಿಕೊಂಡರು.

"ಕಾಯೋಕಾಗಲ್ಲ. ಆಪರೇಷನ್ ಮಾಡಿ ಮಗೂನ ತೆಗೀಬೇಕು, ಈಗಲೇ."

"ಮೇಡಂ, ಶುಕ್ರವಾರ ನಾರ್ಮಲ್ ಅಂದಿದ್ರಲ್ಲ?"

"ಶುಕ್ರವಾರ ನಾರ್ಮಲ್ ಇತ್ತಮ್ಮ. ಇವತ್ತು ಇಲ್ಲ. ಏನಾದರೂ ತಿಂದಿದಾಳಾ?"

"ಎರಡು ರೊಟ್ಟಿ" ಅಂದೆ. ಅವರು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು. ಹೊಟ್ಟೆ ತುಂಬಿರುವಾಗ ಆಪರೇಷನ್‌ಗೆ ಅಪಾಯ ಜಾಸ್ತಿ ಅಂತ ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಮುಖವೇ ಹೇಳಿತು.

ಆಗ ನಾನು ಆಡಿದ ಮಾತು ಬರೆಯಲು ಕೈ ಹಿಂಜರಿಯುತ್ತದೆ. "ಇನ್ನೊಂದರ್ಧ ಗಂಟೆ ನೋಡಿ ಮೇಡಂ. ನಾರ್ಮಲ್ಲೇ ಆಗ್ಬೋದು. ನಾನು ಹರಕೆ ಕಟ್ಕೊಂಡಿದೀನಿ."

ಡಾಕ್ಟರಮ್ಮ ಬಾಯಿ ತೆರೆಯುವ ಮುಂಚೆ ಮಲಗಿದ್ದ ಮಗಳು ಕೈ ಚಾಚಿದಳು. "ಆ ಕಾಗದ ಇಲ್ಲಿ ಕೊಡಿ ಮೇಡಂ, ಸೈನ್ ಮಾಡ್ತೀನಿ. ಅಮ್ಮ, ನಿನ್ ಹರಕೆ ವಿಚಾರ ನೀನು ಸ್ವಾಮಿ ಹತ್ರ ಮಾತಾಡ್ಕೊ. ನನ್ ಮಗು ವಿಚಾರ ನಾನು ಇವ್ರ ಹತ್ರ ಮಾತಾಡ್ತೀನಿ."

ಪೆನ್ನು ಹಿಡಿದದ್ದು ಮಲಗಿದ್ದಲ್ಲೇ. ಆದರೂ ಸಹಿ ನೆಟ್ಟಗೆ ಹಾಕಿದಳು.

ಬಾಗಿಲು ಮುಚ್ಚಿತು. ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ ಕೂತೆವು. ಇವರ ಅಂಗಿಯ ತೋಳಿಗೆ ಇನ್ನೂ ಮರದ ಹೊಟ್ಟು ಅಂಟಿತ್ತು. ನಾನು ಅದನ್ನು ಒಂದೊಂದೇ ಆಯುತ್ತಾ ಕೂತೆ, ಬೇರೆ ಏನು ಮಾಡಬೇಕೋ ತೋಚದೆ. ಫೋನು ಬಂತು. ಬೀಗಿತ್ತಿ. ಹೊರಡುವಾಗ ಮಗಳು ಫೋನು ಮಾಡಿದ್ದಳಂತೆ, ಅಳಿಯ ಹಾಲಿನ ಕೆಲಸ ಬಿಟ್ಟು ಹೊರಟಿದ್ದಾನೆ ಅಂದರು. ಆಮೇಲೆ ಕೇಳಿದರು:

"ಏನಂದ್ರವ್ವ? ನಾರ್ಮಲ್ಲಾ?"

ನಾನು ಫೋನನ್ನು ಕಿವಿಯಿಂದ ಇಳಿಸಿದೆ. ಇವರು ಫೋನು ಕಿತ್ತುಕೊಂಡು, "ನಿಮ್ ಮಗ ಬರ್ಲಿ ಅಕ್ಕ, ಒಳ್ಗೆ ಕರ್ಕೊಂಡೋಗವ್ರೆ" ಅಂತಷ್ಟೇ ಹೇಳಿ ಇಟ್ಟರು.

ಒಳಗಿಂದ ಅಳು ಬರುತ್ತದೆ ಅಂತ ಕಿವಿ ನಿಗುರಿಸಿ ಕೂತಿದ್ದೆವು. ಪಾತ್ರೆ ಸದ್ದು ಬಂತು. ಯಾರೋ ಬೇಗ ಬೇಗ ನಡೆದ ಸದ್ದು ಬಂತು. "ಬಂತು, ಮಗು ಬಂತು" ಅಂತ ಯಾರೋ ಅಂದದ್ದೂ ಕೇಳಿಸಿತು. ಅಳು ಮಾತ್ರ ಬರಲಿಲ್ಲ. ಬಂದ ಕೂಸು ಅಳದೇ ಇದ್ದರೆ ಏನರ್ಥ ಅಂತ ಹೆತ್ತವಳಿಗೆ ಗೊತ್ತು. ನಾನು ಇವರ ತೋಳು ಹಿಡಿದುಕೊಂಡೆ. ಇವರು ಬಾಗಿಲಿನ ಮೂಲೆಯನ್ನೇ ನೋಡುತ್ತಿದ್ದರು. ‘ಸ್ವಾಮಿ, ಉಸಿರು ಕೊಡು’ ಅಂದೆ ಮನಸ್ಸಿನಲ್ಲೇ. ಮೊದಲ ಸಲ ಆ ಪದ ಬಿಟ್ಟು ಬೇಡಿಕೊಂಡೆ.

ಆಮೇಲೆ ಬಂತು. ಅಳುವಲ್ಲ, ಕೀರಲು. ಬೆಕ್ಕಿನ ಮರಿ ಮೂಟೆ ಕೆಳಗೆ ಸಿಕ್ಕಿಕೊಂಡ ಹಾಗೆ. ಇವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು.

ಹೊಕ್ಕುಳಬಳ್ಳಿ ಕುತ್ತಿಗೆಗೆ ಎರಡು ಸುತ್ತು ಸುತ್ತಿಕೊಂಡಿತ್ತಂತೆ. ಮಗಳಿಗೂ ವಾಂತಿಯಾಗಿ ಒಳಗೆ ಕಷ್ಟವಾಯಿತಂತೆ, ಹೇಗೋ ಸಂಭಾಳಿಸಿದರು. ಡಾಕ್ಟರಮ್ಮ ಹೊರಗೆ ಬಂದು ಮಾಸ್ಕು ಇಳಿಸಿದರು. "ಹೆಣ್ಣುಮಗು. ಉಸಿರು ತಡವಾಗಿ ತಗೊಂಡಿದೆ. ಇನ್ನೊಂದು ಗಂಟೆ ತಡವಾಗಿ ಬಂದಿದ್ರೆ ನಾನು ಏನೂ ಮಾಡೋಕಾಗ್ತಿರ್ಲಿಲ್ಲ." ಗೋಡೆ ಗಡಿಯಾರ ನೋಡಿದೆ. ಒಂಬತ್ತೂಮುಕ್ಕಾಲು. ಒಂಬತ್ತಕ್ಕೆ ಹೊರಡೋಣ ಅಂದವಳು ನಾನು.

ಕೂಸನ್ನು ಬೆಚ್ಚಗಿನ ದೀಪದ ಕೆಳಗೆ ಮಲಗಿಸಿದರು. ಮೂಗಿಗೆ ನಳಿಕೆ. ಆರು ದಿನ ಹಾಗೇ. ಫೋನು ಮಾಡಿದವರೆಲ್ಲ ಕೇಳಿದ್ದು ಒಂದೇ, ನಾರ್ಮಲ್ಲಾ? ಅಲ್ಲ ಅಂತ ಹೇಳಿ ಹೇಳಿ ನಾಲಗೆ ಒಣಗಿತು. ಮೊದಲ ದಿನ ಸಾಯಂಕಾಲ ಬಂದ ಭಾಯಿ ಒಬ್ಬ ಮಾತ್ರ ಚಪ್ಪಲಿ ಬಿಟ್ಟು ಬಾಗಿಲಾಚೆ ನಿಂತು ಬೇರೆ ಮಾತು ಕೇಳಿದ: "ಇಬ್ರೂ ಉಸಾರಾಗವ್ರಾ ಅಕ್ಕ? ಅಷ್ಟಿದ್ರೆ ಬಸ್, ಅಲ್ಲಾ ದೊಡ್ಡೋನು." ಆ ದಿನ ದೇವರು ನನಗೆ ಕೊಟ್ಟದ್ದನ್ನು ಲೆಕ್ಕ ಹಾಕಿದರೆ ಭಾಯಿಯ ಆ ಮಾತನ್ನೂ ಸೇರಿಸಬೇಕು. ಕಬ್ಬಿನ ಟ್ರಾಕ್ಟರು ಪಕ್ಕಕ್ಕೆ ಸರಿದದ್ದು, ಮಗಳ ನೆಟ್ಟನೆಯ ಸಹಿ, ರಾತ್ರಿ ಬಿದ್ದ ಇಬ್ಬನಿ, ಇವೂ ಅದರಲ್ಲಿವೆ.

ಮಾರನೆಯ ದಿನ ಬೀಗಿತ್ತಿ ಬಂದರು. ಸೊಸೆಯನ್ನು ಮಾತಾಡಿಸಿ, ಗಾಜಿನಾಚೆಯಿಂದ ಕೂಸನ್ನು ನೋಡುತ್ತಾ ನಿಂತರು. ಬೈಗುಳಕ್ಕೆ ನಾನು ತಯಾರಾಗಿದ್ದೆ.

"ಅಕ್ಕ, ನಾರ್ಮಲ್ ಆಗ್ಲಿಲ್ಲ" ಅಂದೆ, ತಪ್ಪೊಪ್ಪಿಕೊಂಡ ಹಾಗೆ.

ಅವರು ಸೆರಗಿನಿಂದ ಗಾಜು ಒರೆಸಿದರು. ಅದು ಮಂಜಾಗಿರಲಿಲ್ಲ. "ನಂದು ಮೊದಲ್ನೇದು ನಾರ್ಮಲ್ಲೇ ಕಣವ್ವ. ಮನೇಲೇ ಆಯ್ತು. ಕೂಸು ಅಳ್ಳಿಲ್ಲ. ಯಾರೂ ಅದ್ನ ಕೇಳ್ಲಿಲ್ಲ, ನಾರ್ಮಲ್ಲಾ ಅಂತಷ್ಟೇ ಕೇಳುದ್ರು." ಕೂಸಿನ ಕಡೆ ಬೆರಳು ತೋರಿಸಿ, "ಇವ್ಳ ಮೂಗು ನೋಡು, ಥೇಟು ನನ್ ಮಗನ್ದೇ" ಅಂದರು. ನಾವಿಬ್ಬರೂ ಅಲ್ಲೇ ನಿಂತು ಅತ್ತೆವು.

ಐದನೆಯ ತಿಂಗಳಲ್ಲಿ ಹೇಮಗಿರಿಗೆ ಹೋದೆ. ಕೇಳಿದ್ದು ಆಗಲಿಲ್ಲವಲ್ಲ, ಹರಕೆ ಸಲ್ಲಿಸಬೇಕೋ ಬೇಡವೋ ಅಂತ ನಾಲ್ಕು ಜನ ನಾಲ್ಕು ಮಾತಾಡಿದರು. ನಾನು ಕೇಳಿದ್ದೇ ತಪ್ಪಾಗಿತ್ತು, ಸ್ವಾಮಿ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ ಅಷ್ಟೆ. ಹೊಳೆಯಲ್ಲಿ ಮುಳುಗಿ ಒದ್ದೆ ಸೀರೆಯಲ್ಲೇ ಬೆಟ್ಟ ಹತ್ತಿದೆ. ಗಾಳಿಗೆ ಹಲ್ಲು ಕಟಕಟ ಅಂದವು. ಸಾಲುಮನೆಯ ಆ ಮಾತು ಬಾರದ ಮಗುವಿನ ಹೆಸರಿನಲ್ಲೂ ಒಂದು ಕಾಯಿ ಒಡೆಸಿದೆ. ಊರಿಗೆ ಬಂದು ಅದರ ತಾಯಿಗೆ ಪ್ರಸಾದ ಕೊಟ್ಟೆ. ಅವಳು ನನ್ನ ಮುಖ ನೋಡಿ, ಕೈಯೊಡ್ಡಿ ತೆಗೆದುಕೊಂಡಳು.

ಉಸಿರು ತಡವಾದ ಮಕ್ಕಳನ್ನು ಮೊದಲ ವರ್ಷ ಮೇಲಿಂದ ಮೇಲೆ ನೋಡಬೇಕಂತೆ. ಕತ್ತು ನಿಲ್ಲುತ್ತದೋ, ಸದ್ದಿಗೆ ತಿರುಗುತ್ತದೋ, ಕೈ ಚಾಚುತ್ತದೋ. ಮೊನ್ನೆ ಮಗಳು ಶಾಲೆಗೆ ಹೋಗಬೇಕಾಗಿದ್ದರಿಂದ ನಾವಿಬ್ಬರೇ ಕೂಸನ್ನು ಪಾಂಡವಪುರಕ್ಕೆ ಕರೆದೊಯ್ದೆವು. ಮಕ್ಕಳ ಡಾಕ್ಟರು ಗಿಲಕಿ ಆಡಿಸಿದರು. ಕೂಸು ತಿರುಗಲಿಲ್ಲ. ನಾನು ಬಗ್ಗಿ ಅವಳ ಮುಖ ನೋಡಿದೆ. ಅವಳು ತಾತನ ಜೇಬಿನಿಂದ ಇಣುಕುತ್ತಿದ್ದ ಪೆನ್ಸಿಲ್ಲಿನ ಮೇಲೆ ಕಣ್ಣಿಟ್ಟಿದ್ದಳು. ಇನ್ನೊಮ್ಮೆ ಆಡಿಸಿದರು. ತಿರುಗಿದಳು. ಗಿಲಕಿಯನ್ನು ಕಿತ್ತುಕೊಂಡು ಬಾಯಿಗೆ ಇಟ್ಟುಕೊಂಡಳು.

"ಎಲ್ಲಾ ನಾರ್ಮಲ್ ಆಗಿದೆ ಕಣಮ್ಮ" ಅಂದರು ಡಾಕ್ಟರು.

ಇವರು ನನ್ನ ಕಡೆ ನೋಡಿದರು. ನಾನು ಕೂಸನ್ನು ಎತ್ತಿಕೊಂಡು, ಚೀಟಿಯನ್ನು ಡಾಕ್ಟರ ಮುಂದೆ ಸರಿಸಿದೆ.

"ಮತ್ತೆ ಯಾವತ್ತು ಕರ್ಕೊಂಡು ಬರ್ಬೇಕು, ಬರ್ಕೊಟ್ಬುಡಿ."